ಎರವಲು ಸ್ವರ

ಐವತ್ತರ ಹತ್ತಿರ ಬಂದ ಮೇಲೆ ನನಗೆ ಮೌತ್ ಆರ್ಗನ್ನಿನ ಹುಚ್ಚು ಹಿಡಿಯಿತು. ಅದರಲ್ಲಿಯೂ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಹುಚ್ಚು. ಮನೆಯವರು ಸಹಿಸಿಕೊಂಡರು, ನೆರೆಯವರು ಕಿಟಕಿ ಮುಚ್ಚಿಕೊಂಡರು. ಆದರೆ ನಾನು ಹೇಳಹೊರಟದ್ದು ಅವರ ಕಷ್ಟವನ್ನಲ್ಲ, ನನ್ನದೊಂದು ಕಳ್ಳತನವನ್ನು.

ಕಳೆದ ವರ್ಷ ಸ್ನೇಹಿತರೊಬ್ಬರ ಮನೆಯಲ್ಲಿ ಊಟವಾದ ಮೇಲೆ ಏನಾದರೂ ನುಡಿಸಿ ಎಂದರು. ಲಿಟ್ಲ್ ವಾಲ್ಟರ್ 1952ರಲ್ಲಿ ಷಿಕಾಗೋದಲ್ಲಿ ಮುದ್ರಿಸಿದ ‘ಜೂಕ್’ ಎಂಬ ವಾದನದ ಮೊದಲ ಸ್ವರಗುಚ್ಛವನ್ನು ನುಡಿಸಿದೆ. ಬ್ಲೂಸಿನವರು ಇಂಥದನ್ನು ‘ಲಿಕ್’ ಎನ್ನುತ್ತಾರೆ. ಅದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿದಿತ್ತು. ಹಿರಿಯರೊಬ್ಬರು ತಲೆದೂಗಿ, “ಬಹಳ ಸೊಗಸಾಗಿದೆ. ನಿಮ್ಮದೇ ಕಲ್ಪನೆಯೋ?” ಎಂದರು. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮುಗುಳ್ನಕ್ಕೆ. ಆ ನಗೆ ಮನೆ ಸೇರುವವರೆಗೂ ಗಂಟಲಲ್ಲಿ ಮುಳ್ಳಾಗಿ ಕುಳಿತಿತ್ತು.

ರಾತ್ರಿ ನಿದ್ದೆ ಬಾರದೆ, ನನ್ನ ಪರವಾಗಿ ನಾನೇ ವಕಾಲತ್ತು ವಹಿಸಿದೆ. ಈ ಕಲೆಯಲ್ಲಿ ಎರವಲಲ್ಲದ್ದು ಯಾವುದಿದೆ? ವಾದ್ಯ ಜರ್ಮನಿಯಿಂದ ಬಂದದ್ದು. ಹತ್ತು ರಂಧ್ರ, ಪ್ರತಿಯೊಂದರಲ್ಲೂ ಊದಿದರೆ ಒಂದು ಸ್ವರ, ಉಸಿರೆಳೆದರೆ ಇನ್ನೊಂದು. ಅದನ್ನು ಮಾಡಿದವರ ಮನಸ್ಸಿನಲ್ಲಿದ್ದದ್ದು ತಮ್ಮ ನಾಡಿನ ಹಾಡುಗಳು. ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ವಾದಕರು ಅದನ್ನು ತಿರುವುಮುರುವು ಮಾಡಿದರು; ಊದುವುದಕ್ಕಿಂತ ಎಳೆಯುವ ಉಸಿರನ್ನೇ ಮುಖ್ಯವಾಗಿಸಿಕೊಂಡರು. ಎರಡನೆಯ ರಂಧ್ರದಲ್ಲಿ ಉಸಿರೆಳೆದರೆ ಬರುವುದು ಅವರಿಗೆ ಷಡ್ಜವಾಯಿತು. ಮೂರನೆಯದರಲ್ಲಿ ಎಳೆದರೆ ಅಂತರ ಗಾಂಧಾರ. ಎಳೆಯುತ್ತಿರುವಾಗಲೇ, ‘ಈ’ ಎನ್ನುವಂತಿರುವ ನಾಲಗೆಯನ್ನು ‘ಊ’ ಎನ್ನುವಂತೆ ಹಿಂದಕ್ಕೆ ಸರಿಸಿದರೆ ಸ್ವರ ಬಾಗಿ ಸಾಧಾರಣ ಗಾಂಧಾರದ ಕಡೆಗೆ ಇಳಿಯುತ್ತದೆ. ಈ ಎರಡರ ನಡುವೆ ಎಲ್ಲಿಯೋ ಬ್ಲೂಸಿನ ಜೀವವಿದೆ. ವಾದ್ಯ ಮಾಡಿದವನು ಆ ಸ್ವರವನ್ನು ಅದರಲ್ಲಿ ಇಟ್ಟಿರಲಿಲ್ಲ.

ಅಷ್ಟೇ ಅಲ್ಲ. ನಾನು ಕದ್ದ ಸ್ವರಗುಚ್ಛವನ್ನೇ ಹೋಲುವ ಒಂದನ್ನು ಸ್ನೂಕಿ ಪ್ರಯರ್ 1948ರಲ್ಲಿಯೇ ಮುದ್ರಿಸಿದ್ದ. ಹಾಗಾದರೆ ನಾನೊಬ್ಬನೇ ಅಪರಾಧಿಯೇ?

ಎದುರು ವಕೀಲನೂ ನಾನೇ ತಾನೆ? ಅವನು ಎದ್ದು ಇನ್ನೊಂದು ಕತೆ ಹೇಳಿದ. ಸನ್ನಿ ಬಾಯ್ ವಿಲಿಯಮ್ಸನ್ ಎಂದು ಹೆಸರಾದ ಜಾನ್ ಲೀ ವಿಲಿಯಮ್ಸನ್ ಷಿಕಾಗೋದಲ್ಲಿ ಬದುಕಿರುವಾಗಲೇ, ರೈಸ್ ಮಿಲ್ಲರ್ ಎಂಬ ವಾದಕ 1941ರಿಂದ ಆರ್ಕನ್ಸಾದ ಹೆಲೆನಾ ಊರಿನ ರೇಡಿಯೋದಲ್ಲಿ ಅದೇ ಹೆಸರಿನಿಂದ ನುಡಿಸತೊಡಗಿದ. ಮಿಲ್ಲರ್ ಸಾಮಾನ್ಯನಲ್ಲ, ಪರರ ಹೆಸರಿನ ಹಂಗಿಲ್ಲದೆ ಬಾಳಬಲ್ಲ ಕಲಾವಿದ. ಆದರೂ ತೆಗೆದುಕೊಂಡ. ಅವನ ಬಳಿ ಕಲಿತ ಹುಡುಗ ಜೇಮ್ಸ್ ಕಾಟನ್ ಗುರುವಿನ ಪಟ್ಟುಗಳನ್ನು ಪಡೆದುಕೊಂಡ. ನುಡಿಸಿದ್ದು ಮಾತ್ರ ತನ್ನ ಹೆಸರಿನಲ್ಲಿ.

ಇಲ್ಲಿ ನನ್ನ ವಾದ ಮುರಿದುಬಿತ್ತು. ಸ್ವರ ತೆಗೆದುಕೊಂಡರೆ ಕೊಟ್ಟವನಿಗೆ ಕಡಿಮೆಯಾಗುವುದಿಲ್ಲ; ದೀಪದಿಂದ ದೀಪ ಹಚ್ಚಿದಂತೆ. ಹೆಸರಿನ ಮಾತು ಹಾಗಲ್ಲ. ಮಿಲ್ಲರ್ ಇನ್ನೊಬ್ಬನ ಹೆಸರನ್ನು ತೊಟ್ಟುಕೊಂಡ. ನಾನು ಇನ್ನೊಬ್ಬನ ಹೆಸರನ್ನು ಅಳಿಸಿದೆ. ಎರಡರಲ್ಲಿ ಯಾವುದು ಹೆಚ್ಚಿನ ತಪ್ಪು ಎನ್ನುವುದಕ್ಕೆ ತಕ್ಕಡಿ ಬೇಕಾಗಿಲ್ಲ. ಬ್ಲೂಸ್ ಹುಟ್ಟಿದ್ದು ಪರರ ಹತ್ತಿಯ ಹೊಲಗಳಲ್ಲಿ ಗೇದು, ಲೆಕ್ಕ ನೋಡುವ ದಿನ ಬರಿಗೈಯಲ್ಲಿ ಮರಳುತ್ತಿದ್ದ ಜನರ ನಡುವೆ. ಬೆವರು ಒಬ್ಬರದು, ಫಸಲು ಇನ್ನೊಬ್ಬರದು. ಲಿಟ್ಲ್ ವಾಲ್ಟರ್ 1968ರಲ್ಲಿ, ನಲವತ್ತು ತುಂಬುವ ಮೊದಲೇ ಸತ್ತ. ಸಾವಿರಾರು ಮೈಲಿ ದೂರದಲ್ಲಿ, ಹೋಳಿಗೆ ಊಟ ಮುಗಿಸಿ ಕುಳಿತ ನಾನು, ಒಂದು ಮುಗುಳ್ನಗೆಯಿಂದ ಆ ಹಳೆಯ ಲೆಕ್ಕಕ್ಕೆ ಇನ್ನೊಂದು ಸುಳ್ಳು ಬಾಬು ಸೇರಿಸಿದ್ದೆ.

ಮರುವಾರ ಆ ಹಿರಿಯರ ಮನೆಗೆ ಹೋದೆ. “ಅಂದು ನುಡಿಸಿದ್ದು ನನ್ನದಲ್ಲ ಸಾರ್” ಎಂದೆ. ಅವರಿಗೆ ಆ ಸಂಜೆಯೇ ಸರಿಯಾಗಿ ನೆನಪಿರಲಿಲ್ಲ. “ಅಷ್ಟಕ್ಕೆ ಇಷ್ಟು ದೂರ ಬಂದಿರಾ? ಯಾರದು ಹಾಗಾದರೆ?” ಎಂದರು. ಹೆಸರು ಹೇಳಿದೆ. ಒಂದು ಸಲ ಅಂದುಕೊಂಡು ನೋಡಿ, “ಇನ್ನೊಮ್ಮೆ ನುಡಿಸಿ, ಕೇಳೋಣ” ಎಂದರು.

ನುಡಿಸಿದೆ. ಗಾಂಧಾರ ಎಂದಿನಂತೆ ತುಸು ತಪ್ಪಿತು. ಅದು ಮಾತ್ರ ನನ್ನದೇ.