ತಂತುವೂ ಸಂಯೋಗವೂ

ಬೆಟ್ಟಂಪಾಡಿಯ ಹಳೆಯ ಮನೆಯೊಂದರಲ್ಲಿ, ಪೆಟ್ಟಿಗೆಯ ತಳದಿಂದ ಅಜ್ಜಿ ಹೆಣೆದ ಕ್ರೋಶಾ ಹಾಸೊಂದು ಹೊರಬಂದಿತೆಂದು ಭಾವಿಸಿರಿ. ಮೊಮ್ಮಗಳು ಅದನ್ನು ಕತ್ತರಿಸಿ ದಿಂಬಿನ ಗವಸಿಗೆ ಅಲಂಕಾರವಾಗಿ ಹಚ್ಚಬೇಕೆನ್ನುತ್ತಾಳೆ. ತಾಯಿಯು ಮುಟ್ಟದೆ ಮಡಿಸಿಡಬೇಕೆನ್ನುತ್ತಾಳೆ. ಯಾರ ಪಕ್ಷವು ನ್ಯಾಯವಾದುದು?

ನೈಯಾಯಿಕರು ತಂತುಗಳನ್ನು ಪಟಕ್ಕೆ ಸಮವಾಯಿಕಾರಣವೆಂದೂ, ತಂತುಸಂಯೋಗವನ್ನು ಅಸಮವಾಯಿಕಾರಣವೆಂದೂ ಹೇಳುವರು. ಸಂಯೋಗವಳಿದರೆ ತಂತುವಿದ್ದರೂ ಪಟವಿಲ್ಲ. ಕ್ರೋಶಾದಲ್ಲಿ ಇದು ಪ್ರತ್ಯಕ್ಷವೇ. ನೂಲೂ ಒಂದು, ಕೊಕ್ಕೆಯ ಕಡ್ಡಿಯೂ ಒಂದು; ಪ್ರತಿಯೊಂದು ಕುಣಿಕೆಯೂ ಹಿಂದಿನದರ ಆಶ್ರಯದಲ್ಲಿ ನಿಂತಿರುವುದು. ನಡುವೆ ಕತ್ತರಿಯಾಡಿತೋ, ಅವು ಬಿಚ್ಚತೊಡಗುವುವು. ಉಳಿಯುವುದು ನೂಲು, ಹೋಗುವುದು ಒಬ್ಬಾಕೆಯ ಎಷ್ಟೋ ಮಧ್ಯಾಹ್ನಗಳ ಶ್ರಮ.

ಆ ಶ್ರಮವನ್ನು ಲೋಕವು ಬಹುಕಾಲ ವಿರಾಮವೆಂದೇ ಎಣಿಸಿತು. ಆಂಧ್ರದ ನರಸಾಪುರದಲ್ಲಿ ಪರದೇಶದ ಪೇಟೆಗಾಗಿ ಕ್ರೋಶಾ ಲೇಸು ಹೆಣೆಯುತ್ತಿದ್ದ ಸ್ತ್ರೀಯರು ಸಹ ಕೆಲಸಗಾರರೆನಿಸದೆ ಬರಿಯ ಗೃಹಿಣಿಯರೆನಿಸಿದ್ದರೆಂಬುದನ್ನು ಮಾರಿಯಾ ಮೀಸ್ ಎಂಬ ವಿದುಷಿಯು 1982ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿರುವರು.

ಹಾಗಾದರೆ ಮುಚ್ಚಿಡುವುದೇ ಗೌರವವೋ? ಅದೂ ಅಲ್ಲ. ಮಡಿಕೆಯ ಗೆರೆಯಲ್ಲಿ ನೂಲು ಸವೆಯುವುದು; ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುವುದು. ಕಣ್ಣಿಗೆ ಬೀಳದೆ ನಡೆದ ಶ್ರಮವು ಎರಡನೆಯ ಸಲ ಮರೆಯಾಗುವುದು.

ಹಾಸನ್ನು ಇಡಿಯಾಗಿಯೇ ಮೆಲ್ಲನೆ ಒಗೆದು, ಹರವಿ ಒಣಗಿಸಿ, ಬೇಕಾದಾಗ ಬಿಡಿಸಲು ಬರುವಂತೆ ಸಡಿಲ ಹೊಲಿಗೆಯಿಂದ ಗವಸಿನ ಮೇಲೆ ಕೂಡಿಸಿದರೆ ಇಬ್ಬರ ಇಷ್ಟವೂ ಸಿದ್ಧಿಸುವುದು. ನೂಲು ವಾರಸುದಾರರದು, ಸಂಯೋಗವು ಹೆಣೆದವಳದು. ಮೊದಲನೆಯದನ್ನು ಅನುಭವಿಸುವ ಅಧಿಕಾರವುಂಟು. ಎರಡನೆಯದನ್ನು ಅಳಿಸುವ ಅಧಿಕಾರವು ಯಾರಿಗೂ ಇಲ್ಲ.