ಸಹಯಾತ್ರೆಯ ಧರ್ಮ

ಒಬ್ಬನೇ ಪ್ರಯಾಣ ಹೊರಡುವವನಿಗೆ ದಾರಿಯ ವಿಚಾರವೊಂದೇ ವಿಚಾರ. ಮನೆಮಂದಿಯೆಲ್ಲ ಕೂಡಿ ಹೊರಡುವಾಗ ದಾರಿಗಿಂತ ಮೊದಲು ಧರ್ಮದ ವಿಚಾರ ಬಂದು ನಿಲ್ಲುತ್ತದೆ. ಎಂಬತ್ತು ವರ್ಷದ ಅಜ್ಜಿ, ಐವತ್ತು ದಾಟಿದ ಮಗ ಮತ್ತು ಸೊಸೆ, ಕಾಲೇಜಿನಲ್ಲಿ ಓದುವ ಮೊಮ್ಮಗ, ಎಂಟು ವರ್ಷದ ಮೊಮ್ಮಗಳು ಇವರೆಲ್ಲರೂ ಒಂದೇ ಮೋಟಾರಿನಲ್ಲಿ ಕುಳಿತುಕೊಳ್ಳಬಹುದು. ಆದರೆ ಎಲ್ಲರ ಕಾಲಿನ ಶಕ್ತಿ ಒಂದಲ್ಲ, ಕಣ್ಣಿನ ಹಸಿವೂ ಒಂದಲ್ಲ. ಇಂಥ ಯಾತ್ರೆಯಲ್ಲಿ ಯಾರ ಇಚ್ಛೆ ಪ್ರಮಾಣವಾಗತಕ್ಕದ್ದು? ಬಲವುಳ್ಳವರು ಬಲಹೀನರಿಗಾಗಿ ಎಷ್ಟನ್ನು ಬಿಟ್ಟುಕೊಡಬೇಕು? ಬಲಹೀನರ ಹಿತವನ್ನು ಅವರ ಪರವಾಗಿ ಬಲವುಳ್ಳವರೇ ನಿರ್ಣಯಿಸುವುದು ಎಷ್ಟರಮಟ್ಟಿಗೆ ನ್ಯಾಯ? ಈ ಪ್ರಶ್ನೆಗಳು ನಾಲ್ಕು ದಿನದ ಪ್ರಯಾಣಕ್ಕೆ ಸಂಬಂಧಿಸಿದವಾಗಿ ತೋರಿದರೂ, ವಾಸ್ತವವಾಗಿ ಕುಟುಂಬಜೀವನದ ಬುಡವನ್ನೇ ಮುಟ್ಟುವಂಥವು.

ವಿಚಾರವು ಬರಿಯ ತರ್ಕವಾಗದಿರಲೆಂದು ಬೆಳಗಾವಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆ ಮನೆಯ ಅಜ್ಜಿಯ ತವರು ಖಾನಾಪುರ. ಬಾಲ್ಯದಲ್ಲಿ ಆಕೆ ಕೊಡದಲ್ಲಿ ನೀರು ತಂದದ್ದು ಊರ ಮಗ್ಗುಲಿನ ಮಲಪ್ರಭೆಯಿಂದ. ಬಹುಕಾಲದಿಂದ ಆಕೆಯ ಮನಸ್ಸಿನಲ್ಲಿರುವ ಬಯಕೆ ಒಂದೇ: ಈ ಹೊಳೆಯನ್ನು ಹುಟ್ಟಿದಲ್ಲಿಂದ ಕೂಡುವಲ್ಲಿಯವರೆಗೆ ಒಮ್ಮೆ ಕಾಣಬೇಕು. ದೀಪಾವಳಿಯ ರಜೆಗೆ ಪುಣೆ, ಬೆಂಗಳೂರುಗಳಿಂದ ಮಕ್ಕಳು ಮೊಮ್ಮಕ್ಕಳು ಬರುವವರಿದ್ದಾರೆ. ಮಳೆ ನಿಂತಿರುತ್ತದೆ, ಹೊಳೆಯಲ್ಲಿ ನೀರಿರುತ್ತದೆ. ಇದಕ್ಕಿಂತ ತಕ್ಕ ಕಾಲ ಬೇರಿಲ್ಲವೆಂದು ಎಲ್ಲರಿಗೂ ತೋರಿತು.

ದಾರಿಯೂ ಸಾಮಾನ್ಯವಾದುದಲ್ಲ. ಬೆಳಗಾವಿಯಿಂದ ಜಾಂಬೋಟಿಯ ಮೇಲೆ ಚೋರ್ಲಾ ಘಟ್ಟಕ್ಕೆ ಹೋಗುವ ರಸ್ತೆಯಲ್ಲಿ, ಖಾನಾಪುರ ತಾಲೂಕಿನ ದಟ್ಟವಾದ ಅಡವಿಯ ನಡುವೆ ಕಣಕುಂಬಿ ಇದೆ. ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದ ಆ ನೆಲದಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅದು ನೀರು ಬೇರೆಯಾಗುವ ಸೀಮೆ. ಅಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಮಲಪ್ರಭೆಯಾಗಿ ಮೂಡಣಕ್ಕೆ ನಡೆದು, ಕೃಷ್ಣೆಯ ಮೂಲಕ ಬಂಗಾಲ ಉಪಸಾಗರವನ್ನು ಸೇರುತ್ತದೆ. ಇನ್ನೊಂದು ಪಾಲು ಕಳಸಾ ಹಳ್ಳದ ದಾರಿಯಿಂದ ಮಹದಾಯಿಗೆ ಕೂಡಿ, ಗೋವೆಯ ಬಳಿ ಪಡುವಣ ಕಡಲಿಗೆ ಬೀಳುತ್ತದೆ.

ಕಣಕುಂಬಿಯಿಂದ ಹೊಳೆಯ ಜಾಡು ಹಿಡಿದರೆ ಖಾನಾಪುರ. ಅಲ್ಲಿಂದ ದಾರಿ ತುಸು ತಿರುಗಿದರೆ, ಪಲಾಶಿಕೆಯೆಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಹಲಸಿ. ಮುಂದೆ ಎಂ. ಕೆ. ಹುಬ್ಬಳ್ಳಿಯಲ್ಲಿ ಹೊಳೆಯೊಳಗಣ ಗಂಗಾಂಬಿಕೆಯವರ ಐಕ್ಯಮಂಟಪ. ಸವದತ್ತಿಯ ಬಳಿ ಬೆಟ್ಟವನ್ನು ಸೀಳಿದ ನವಿಲುತೀರ್ಥ, ಅಲ್ಲಿಯ ಅಣೆಕಟ್ಟು. ಮುಂದೆ ಚಾಲುಕ್ಯರ ನಾಡು: ಮೊದಲನೆಯ ಪುಲಕೇಶಿಯು 543ರಲ್ಲಿ ಕೋಟೆ ಕಟ್ಟಿದ ಬಾದಾಮಿ, ಹೊಳೆ ಉತ್ತರಾಭಿಮುಖವಾಗಿ ಹರಿಯುವ ಪಟ್ಟದಕಲ್ಲು, ಬಳಿಕ ಐಹೊಳೆ. ಹೀಗೆ 304 ಕಿಲೋಮೀಟರ್ ಹರಿದು ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ.

ರಾತ್ರಿ ಊಟವಾದ ಮೇಲೆ ಹಿರಿಯರೂ ಯುವಕರೂ ನಕ್ಷೆ ಹರಡಿಕೊಂಡು ಕುಳಿತರು. ಅಜ್ಜಿ ಒಳಕೋಣೆಯಲ್ಲಿ ಮಲಗಿದ್ದರು. ಬಾದಾಮಿಯ ಗುಹೆಗಳಿಗೆ ಮೆಟ್ಟಿಲು ಹತ್ತಬೇಕು, ಐಹೊಳೆಯ ಮೇಗುಟಿ ಗುಡ್ಡದ ಮೇಲಿದೆ, ದಾರಿಯಲ್ಲಿ ಔಷಧದ ಹೊತ್ತು ತಪ್ಪೀತು, ರಾತ್ರಿ ನಿದ್ದೆ ಬಾರದಿದ್ದೀತು ಎಂದು ಒಬ್ಬೊಬ್ಬರು ಒಂದೊಂದು ತೊಡಕನ್ನು ಎಣಿಸಿದರು. ಬೆಳಗಾಗುವಷ್ಟರಲ್ಲಿ ನಿರ್ಣಯ ಸಿದ್ಧವಾಯಿತು. ಮಗ ಬಂದು ಮೃದುವಾಗಿಯೇ ಹೇಳಿದ: “ಅವ್ವ, ನಿನಗ ಅಷ್ಟು ದೂರದ ತ್ರಾಸು ಯಾಕ? ಕಣಕುಂಬಿಗೆ ಬಂದು ದೇವರ ದರ್ಶನ ಮಾಡು. ಮುಂದಿಂದು ನಾವು ನೋಡಿ ಬರತೀವಿ.” ಅಜ್ಜಿ “ಆಗಲಿ” ಎಂದರು. ಯಾರ ಮನಸ್ಸೂ ನೋಯಲಿಲ್ಲವೆಂದು ಮನೆಯವರು ಭಾವಿಸಿದರು. ಆದರೆ ಆ “ಆಗಲಿ” ಎಂಬುದು ಸಮ್ಮತಿಯಲ್ಲ. ತೀರ್ಪು ಮುಗಿದ ಮೇಲೆ ಕೇಳಿಬಂದ ಮಾತು ಅದು.

ಮಗನ ಪಕ್ಷಕ್ಕೆ ಆಧಾರವಿಲ್ಲವೆನ್ನಲಾಗದು. ಮಹಾಭಾರತದ ವನಪರ್ವದಲ್ಲಿ ಪಾಂಡವರು ತೀರ್ಥಯಾತ್ರೆಗೆ ಹೊರಟಾಗ, ಪರಿವಾರವನ್ನು ಹಗುರ ಮಾಡಿಕೊಳ್ಳಬೇಕೆಂದು ಲೋಮಶ ಮಹರ್ಷಿ ಧರ್ಮರಾಜನಿಗೆ ಹೇಳುತ್ತಾನೆ. ಹಸಿವು, ನೀರಡಿಕೆ, ಚಳಿ, ದಾರಿಯ ಶ್ರಮಗಳನ್ನು ತಾಳಲಾರದವರು ಹಿಂದಿರುಗಲೆಂದು ಧರ್ಮರಾಜನು ಹೇಳುತ್ತಾನೆ. ಹಾಗಾದರೆ ಅಶಕ್ತರನ್ನು ಬಿಟ್ಟು ನಡೆಯುವುದೇ ಯಾತ್ರಾಧರ್ಮವಲ್ಲವೆ?

ಈ ಪ್ರಶ್ನೆಗೆ ಆ ಗ್ರಂಥದಲ್ಲಿಯೇ ಉತ್ತರವಿದೆ. ಧರ್ಮರಾಜನು ಹಿಂದಕ್ಕೆ ಕಳಿಸಿದ್ದು ಹಿಂಬಾಲಿಸಿ ಬಂದ ಪರಿವಾರವನ್ನು; ಅವರ ಜೀವನೋಪಾಯಕ್ಕೂ ದಾರಿ ತೋರಿಸಿಯೇ ಕಳಿಸಿದನು. ಅದೇ ಯಾತ್ರೆಯಲ್ಲಿ ಗಂಧಮಾದನದ ಏರಿನಲ್ಲಿ ದ್ರೌಪದಿ ಬಳಲಿ ಬಿದ್ದಾಗ ಯಾರೂ ಆಕೆಯನ್ನು ಬಿಟ್ಟು ನಡೆಯಲಿಲ್ಲ. ಎಲ್ಲರೂ ನಿಂತು ಉಪಚರಿಸಿದರು. ಘಟೋತ್ಕಚನು ಬಂದು ಹೊತ್ತೊಯ್ದನು. ಅದೇ ಧರ್ಮರಾಜನು ಕೊನೆಯ ಮಹಾಪ್ರಸ್ಥಾನದಲ್ಲಿ ಮಾತ್ರ, ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬೀಳುತ್ತಿದ್ದರೂ ಹಿಂದಿರುಗಿ ನೋಡದೆ ನಡೆದನು. ಅಲ್ಲಿ ಅವನು ಎಲ್ಲವನ್ನೂ ತೊರೆದು ಹೊರಟವನು. ಹಿಂದಿರುಗಿ ನೋಡದಿರುವುದು ಸಂನ್ಯಾಸಿಯ ನಡೆ. ಗೃಹಸ್ಥನ ನಡೆಯೇ ಬೇರೆ. ಮತ್ತೆ ಮನೆಗೆ ಬರಬೇಕಾದವನು ದಾರಿಯಲ್ಲಿ ಹತ್ತು ಸಲ ಹಿಂದಿರುಗಿ ನೋಡಬೇಕು.

ಆದರೆ ಹಿಂದಿರುಗಿ ನೋಡುವುದರಲ್ಲಿಯೂ ಒಂದು ಮೋಸ ಅಡಗಿರುತ್ತದೆ. ಅಜ್ಜಿಯನ್ನು ಮನೆಯಲ್ಲಿ ಬಿಡಬೇಕೆಂದ ಭಯ ಯಾರ ಭಯ? ಆಕೆಗೆ ನೋವಾದೀತೆಂಬುದು ಒಂದು. ತಮ್ಮ ಸಂತೋಷಕ್ಕೆ ಅಡ್ಡಿಯಾದೀತೆಂಬುದು ಎರಡನೆಯದು. ಏನಾದರೂ ಆದರೆ ಬಂಧುಗಳು ಏನೆಂದಾರೋ ಎಂಬುದು ಮೂರನೆಯದು. ಈ ಮೂರೂ “ಕಾಳಜಿ” ಎಂಬ ಒಂದೇ ಬಟ್ಟೆಯನ್ನು ಉಟ್ಟು ಬರುತ್ತವೆ. ಮೊದಲನೆಯದು ಪ್ರೀತಿ, ಎರಡನೆಯದು ಅನುಕೂಲ, ಮೂರನೆಯದು ಲೋಕಾಪವಾದದ ಅಂಜಿಕೆ. ಇವುಗಳನ್ನು ಬಿಡಿಸಿ ನೋಡುವುದು ಸುಲಭವಲ್ಲ. ಆದರೆ ಬಿಡಿಸದೆ ಮಾಡಿದ ನಿರ್ಣಯ ಧರ್ಮವಾಗಲಾರದು. ಅಪಾಯವನ್ನು ಅರಿತೂ ಬಯಸುವ ಅಧಿಕಾರ ಮುಪ್ಪಿನೊಡನೆ ತೀರಿಹೋಗುವುದಿಲ್ಲ. ಮೆಟ್ಟಿಲುಗಳ ಲೆಕ್ಕ ಅಜ್ಜಿಯ ಮುಂದೆ ನಡೆಯಬೇಕಿತ್ತು. ವೈದ್ಯರ ಮಾತನ್ನೂ ಆಕೆಗೇ ಕೇಳಿಸಬೇಕಿತ್ತು. ಬಳಿಕ ಆಕೆಯೇ “ಬೇಡ” ಎಂದಿದ್ದರೆ ಅದು ಆಕೆಯ ಮಾತಾಗುತ್ತಿತ್ತು.

ಇದಕ್ಕೆ ಎದುರಾದ ದೋಷವನ್ನೂ ಮರೆಯಬಾರದು. ಹಿರಿಯರ ಇಚ್ಛೆಯೊಂದೇ ಕಟ್ಟಳೆಯಾದ ಮನೆಗಳೂ ಇವೆ. ಅಲ್ಲಿ ಎಳೆಯರು ಗಂಟು ಹೊರುವವರಾಗಿ ಮಾತ್ರ ಬರುತ್ತಾರೆ. ಗುಡಿಯಿಂದ ಗುಡಿಗೆ ಮೌನವಾಗಿ ನಡೆಯುತ್ತಾರೆ. ದೊಡ್ಡವರಾದ ಮೇಲೆ ಅಂಥ ಯಾತ್ರೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ಎಲ್ಲರೂ ಎಲ್ಲವನ್ನೂ ನೋಡಲೇಬೇಕೆಂಬ ಹಟವೇ ಈ ಎರಡೂ ದೋಷಗಳ ಬೇರು. ಸಮಪಾಲು ಎಂದರೆ ಒಂದೇ ಪಾಲಲ್ಲ. ಮನೆಯ ಊಟದಲ್ಲಿ ಮಗುವಿಗೂ ಮುದುಕರಿಗೂ ಒಂದೇ ಅಳತೆಯಲ್ಲಿ ಬಡಿಸುವುದಿಲ್ಲ. ಆದರೂ ಪಂಕ್ತಿ ಒಂದೇ.

ಈ ತತ್ತ್ವವನ್ನು ಒಪ್ಪಿದರೆ ನಕ್ಷೆಯ ತೊಡಕು ತಾನಾಗಿ ಸಡಿಲವಾಗುತ್ತದೆ. ಎರಡು ದಿನದ ಓಟ ನಾಲ್ಕು ದಿನದ ಪಯಣವಾಗುತ್ತದೆ. ಯಾತ್ರೆ ಮುಂದಕ್ಕೆ ಬಿದ್ದರೆ, ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜನಸಾಗರ ನೆರೆಯುವ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳನ್ನು ಬಿಟ್ಟು ದಿನ ಗೊತ್ತು ಮಾಡಲಾಗುತ್ತದೆ. ಬಿಸಿಲೇರುವ ಮೊದಲೇ ನಡಿಗೆ, ಮಧ್ಯಾಹ್ನ ವಿಶ್ರಾಂತಿ. ಬಾದಾಮಿಯಲ್ಲಿ ಮೊಮ್ಮಗ ಗುಹೆಗಳನ್ನು ಹತ್ತುತ್ತಾನೆ. ಅಜ್ಜಿ ಅಗಸ್ತ್ಯತೀರ್ಥದ ದಂಡೆಯಲ್ಲಿ ಕುಳಿತಿರುತ್ತಾರೆ. ಐಹೊಳೆಯಲ್ಲಿ ಕಾಳಿದಾಸ ಭಾರವಿಗಳ ಹೆಸರನ್ನು ಹೇಳುವ, 634ರ ರವಿಕೀರ್ತಿಯ ಶಾಸನವನ್ನು ಕಾಣಲು ಅವನು ಮೇಗುಟಿಗೆ ಓಡುತ್ತಾನೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಕಂಚಿಯನ್ನು ಗೆದ್ದ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ಆ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ವಿದ್ವಾಂಸನ ಕುತೂಹಲಕ್ಕೂ ಭಕ್ತೆಯ ಕೈಮುಗಿತಕ್ಕೂ ಅಲ್ಲಿ ಒಂದೇ ಬಾಗಿಲು.

ಕೊನೆಯದು ಕೂಡಲಸಂಗಮ. ಬಸವಣ್ಣನವರ ಐಕ್ಯಮಂಟಪವು ಅಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ, ಬಾವಿಯಂತೆ ಸುತ್ತುವರಿದ ಗೋಡೆಯೊಳಗೆ ಇದೆ. ಅದನ್ನು ಕಾಣಬೇಕಾದರೆ ಮೆಟ್ಟಿಲಿಳಿದು ಹೋಗಬೇಕು. ಎಂಬತ್ತರ ಮೊಣಕಾಲು ಇಳಿಯಲು ಒಪ್ಪದಿರಬಹುದು. ಆಗ ಅಜ್ಜಿ ಮೇಲೆಯೇ ನಿಂತು ಎರಡು ಹೊಳೆಗಳ ನೀರು ಒಂದಾದುದನ್ನು ನೋಡುತ್ತಾರೆ. ಕೆಳಗಿಳಿದ ಮೊಮ್ಮಗಳು ಮೇಲೆ ಬಂದು ತಾನು ಕಂಡದ್ದನ್ನು ಅಜ್ಜಿಗೆ ಹೇಳುತ್ತಾಳೆ. ಖಾನಾಪುರದ ದಂಡೆಯಲ್ಲಿ ಕೊಡ ತುಂಬಿದ ಬಾಲ್ಯವನ್ನು ಅಜ್ಜಿ ಆಕೆಗೆ ಹೇಳುತ್ತಾರೆ. ಆ ನೀರು ಇಲ್ಲಿಗೇ ಬಂದಿತೆಂಬುದು ಮಗುವಿಗೆ ಅಂದು ತಿಳಿಯುತ್ತದೆ.

ಅಜ್ಜಿ ಅಂದು ಎಲ್ಲವನ್ನೂ ಕಾಣಲಿಲ್ಲ. ಆದರೆ ಕಾಣದುದನ್ನು ತಾನೇ ಬಿಟ್ಟುಕೊಟ್ಟಳು, ಮತ್ತೊಬ್ಬರು ಕಸಿದುಕೊಳ್ಳಲಿಲ್ಲ. ವೃದ್ಧರನ್ನು ಕರೆದೊಯ್ಯುವುದು ಬೇರೆ, ವೃದ್ಧರೊಡನೆ ಹೋಗುವುದು ಬೇರೆ. ಮೊದಲನೆಯದಕ್ಕೆ ಗಾಡಿಯೂ ಹಣವೂ ಇದ್ದರೆ ಸಾಕು. ಎರಡನೆಯದಕ್ಕೆ, ನಕ್ಷೆ ಬಿಚ್ಚುವ ಮೊದಲು ಒಳಕೋಣೆಯ ಬಾಗಿಲನ್ನು ತಟ್ಟಬೇಕು.