ಓಡಲಾಗದವರ ಕಟ್ಟಡ

ಬೀದರಿನ ಹಳೆಯ ಊರೊಳಗೆ ಮಹಮೂದ್ ಗವಾನ್ ಮದರಸಾದ ಮುಂದೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಅದರ ಮುರಿದ ಭಾಗ. ಮುಂಭಾಗದ ಎರಡು ಮಿನಾರುಗಳಲ್ಲಿ ಈಗ ಒಂದೇ ಉಳಿದಿದೆ. 1472ರಲ್ಲಿ ಮುಗಿದ ಈ ವಿದ್ಯಾಲಯವನ್ನು ಔರಂಗಜೇಬನ ಕಾಲದಲ್ಲಿ ಸೈನಿಕರ ಬಿಡಾರವಾಗಿಯೂ ಮದ್ದಿನ ಉಗ್ರಾಣವಾಗಿಯೂ ಬಳಸಿದರು. 17ನೇ ಶತಮಾನದ ಕೊನೆಗೆ ಆ ಮದ್ದು ಸಿಡಿದು ಕಟ್ಟಡದ ದೊಡ್ಡ ಭಾಗವೇ ಹಾರಿಹೋಯಿತು. ಸಿಡಿಲು ಬಡಿದು ಹಾಗಾಯಿತು ಎನ್ನುತ್ತಾರೆ. ಇರಬಹುದು, ಸಿಡಿಲಿಗೆ ಯಾರೂ ಹೊಣೆಯಲ್ಲ. ಆದರೆ ಓದುವ ಮನೆಯೊಳಗೆ ಮದ್ದು ತಂದು ತುಂಬಿದವರು ಮನುಷ್ಯರು.

ಆಸ್ಪತ್ರೆಗಳ ಬೆಂಕಿಯ ಸುದ್ದಿ ಓದುವಾಗಲೆಲ್ಲ ಸಿಡಿಲನ್ನೂ ಮದ್ದು ತುಂಬಿದ ಕೈಯನ್ನೂ ಹೀಗೆ ಬೇರೆ ಬೇರೆಯಾಗಿ ನೋಡಬೇಕು ಅನಿಸುತ್ತದೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ 90ಕ್ಕೂ ಹೆಚ್ಚು ಮಂದಿ ಸತ್ತರು. ವಾಹನ ನಿಲ್ಲಿಸಬೇಕಿದ್ದ ನೆಲಮಾಳಿಗೆಯಲ್ಲಿ ಬೇಗ ಹತ್ತಿಕೊಳ್ಳುವ ಸಾಮಾನು ತುಂಬಿದ್ದರು. ಬೆಂಕಿ ಕೆಳಗೇ ಇತ್ತು. ಮೇಲಿನ ಮಹಡಿಗಳಿಗೆ ಏರಿದ್ದು ಹೊಗೆ. ತೆರೆಯಲಾಗದ ಗಾಜಿನ ಗೋಡೆಯೊಳಗೆ ರೋಗಿಗಳು ಹಾಸಿಗೆಯ ಮೇಲೇ ಉಸಿರುಕಟ್ಟಿ ಸತ್ತರು. ಹೊಗೆ ಕಂಡು ಓಡಿಬಂದ ಪಕ್ಕದ ಕೊಳೆಗೇರಿಯ ಹುಡುಗರನ್ನು ಕಾವಲುಗಾರರು ಮೊದಲು ಹಿಂದಕ್ಕೆ ಕಳಿಸಿದರು. ಕೇರಳದ ಇಬ್ಬರು ನರ್ಸ್‌ಗಳು ಎಂಟು ರೋಗಿಗಳನ್ನು ಹೊರಗೆ ಸಾಗಿಸಿ, ಮತ್ತೊಬ್ಬರನ್ನು ತರಲು ಹೋಗಿ ತಾವೇ ಪ್ರಾಣ ಬಿಟ್ಟರು. ಆ ಹೆಣ್ಣುಮಕ್ಕಳ ತ್ಯಾಗಕ್ಕೆ ತಲೆಬಾಗುತ್ತೇನೆ. ಆದರೆ ಕಟ್ಟಡ ತನ್ನ ಕೆಲಸ ಮಾಡಿದ್ದರೆ ಅವರು ಸಾಯಬೇಕಾಗಿರಲಿಲ್ಲ ಎಂಬ ಸಂಕಟ ಹೋಗುವುದಿಲ್ಲ.

ನಮ್ಮ ಬೀದರ್ ಜಿಲ್ಲೆಯ ಔರಾದ್‌ನಿಂದ ಗಡಿ ದಾಟಿದರೆ ಮಹಾರಾಷ್ಟ್ರ. ಆ ರಾಜ್ಯದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ಘಟಕದಲ್ಲಿ 2021ರ ಜನವರಿಯ ಒಂದು ರಾತ್ರಿ 10 ಕೂಸುಗಳು ತೀರಿಕೊಂಡವು. ಅದೇ ವರ್ಷ ನವೆಂಬರ್‌ನಲ್ಲಿ ಅಹಮದ್‌ನಗರದ ಜಿಲ್ಲಾ ಆಸ್ಪತ್ರೆಯ ಐಸಿಯುನಲ್ಲಿ 11 ರೋಗಿಗಳು ಸತ್ತರು. 2024ರ ನವೆಂಬರ್‌ನಲ್ಲಿ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲಿ ಮತ್ತೆ ಹಸುಗೂಸುಗಳು. ಪ್ರತಿ ಸಲವೂ ಮೊದಲು ಕೇಳಿಬರುವ ಮಾತು ‘ಶಾರ್ಟ್ ಸರ್ಕ್ಯೂಟ್’. ಹಿಂದೆ ಸಿಡಿಲೆಂದು ಹೇಳಿ ಕೈತೊಳೆದುಕೊಂಡಂತೆ ಈಗ ಇದನ್ನು ಹೇಳಿ ಮುಗಿಸುತ್ತೇವೆ. ಕೂಸು ಕಳೆದುಕೊಂಡ ತಾಯಿಗೆ ನೆಂಟರು ‘ಹಣೆಯಾಗ ಬರೆದಿತ್ತವ್ವಾ’ ಅನ್ನುತ್ತಾರೆ. ದುಃಖದಲ್ಲಿರುವವರಿಗೆ ಏನಾದರೊಂದು ಆಸರೆ ಬೇಕು, ಆ ಮಾತನ್ನು ನಾನು ಕಸಿದುಕೊಳ್ಳಲಾರೆ. ಅದೇ ಮಾತು ಆಡಳಿತದ ಬಾಯಲ್ಲಿ ಬಂದಾಗ ಮಾತ್ರ ಅದು ಅಪರಾಧವನ್ನು ಮುಚ್ಚುವ ಚಾದರವಾಗುತ್ತದೆ.

ವೈರು ಸುಮ್ಮನೆ ಸುಡುವುದಿಲ್ಲ. ಫ್ಯಾನು, ಟ್ಯೂಬ್‌ಲೈಟಿನ ಲೆಕ್ಕದಲ್ಲಿ ವೈರಿಂಗ್ ಆದ ವಾರ್ಡಿಗೆ ಮುಂದೆ ಏಸಿ ಬರುತ್ತದೆ, ಕೂಸುಗಳ ವಾರ್ಮರ್ ಬರುತ್ತದೆ, ವೆಂಟಿಲೇಟರ್ ಬರುತ್ತದೆ. ಪ್ಲಗ್ ಸಾಲದೆ ಎಕ್ಸ್‌ಟೆನ್ಷನ್ ಬೋರ್ಡು ಬರುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಏಸಿ ಹಗಲೂ ರಾತ್ರಿ ಓಡಲೇಬೇಕು. ಒಳಗಿನ ತಾಮ್ರದ ತಂತಿ ಮಾತ್ರ ಹಳೆಯದೇ. ಆಮ್ಲಜನಕ ಸೋರಿ ಹರಡಿದ ಕೋಣೆಯಲ್ಲಿ ಒಂದು ಕಿಡಿ ಬಿದ್ದರೆ, ಬೇರೆ ಕಡೆ ನಿಧಾನ ಹೊಗೆಯಾಡುವ ಬಟ್ಟೆ ಇಲ್ಲಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹೊಸ ಯಂತ್ರ ಬರುವ ಮುಂಚೆ ಆ ಗೋಡೆಯೊಳಗಿನ ತಂತಿ ಎಷ್ಟು ಹೊರೆ ತಾಳುತ್ತದೆ ಎಂದು ಲೆಕ್ಕ ಹಾಕಿದವರು ಯಾರು? ಬೆಂಕಿಯ ಮರುದಿನ ಕೇಳಬೇಕಾದ ಪ್ರಶ್ನೆ ಇದು. ಹಿಂದಿನ ದಿನವೇ ಕೇಳಿದರೆ ಇನ್ನೂ ಒಳ್ಳೆಯದು.

ಸಿನಿಮಾ ಮಂದಿರದಲ್ಲಿ ಬೆಂಕಿ ಬಿದ್ದರೆ ಜನ ಓಡುತ್ತಾರೆ. ಸಿಸೇರಿಯನ್ ಆಗಿ ಎರಡು ತಾಸಾದ ಹೆಂಗಸು ಓಡಲಾರಳು. ಡಯಾಲಿಸಿಸ್ ಯಂತ್ರಕ್ಕೆ ರಕ್ತ ಕೊಟ್ಟು ಮಲಗಿದ ಮುದುಕ ಎದ್ದೂ ನಿಲ್ಲಲಾರ. ಅದಕ್ಕೇ ರಾಷ್ಟ್ರೀಯ ಕಟ್ಟಡ ಸಂಹಿತೆ ಆಸ್ಪತ್ರೆಗೆ ಬೇರೆಯೇ ಅಳತೆ ಇಟ್ಟಿದೆ. 1970ರಲ್ಲಿ ಮೊದಲು ಬಂದು 2016ರಲ್ಲಿ ಪರಿಷ್ಕರಣೆಯಾದ ಈ ಸಂಹಿತೆಯ ಪ್ರಕಾರ ಆಸ್ಪತ್ರೆಯ ಮೆಟ್ಟಿಲು ಎರಡು ಮೀಟರ್, ಕಾರಿಡಾರ್ 2.4 ಮೀಟರ್ ಅಗಲ ಇರಬೇಕು. ಚಕ್ರದ ಮಂಚ ತಿರುಗಬೇಕು, ಪಕ್ಕದಲ್ಲಿ ಸಲೈನ್ ಬಾಟಲಿ ಹಿಡಿದವರೂ ಓಡಬೇಕು, ಅದಕ್ಕೆ ಆ ಜಾಗ. ಎಲ್ಲರನ್ನೂ ಕೆಳಗಿಳಿಸಲು ಸಮಯ ಸಾಲದೆಂದು ಅದೇ ಮಹಡಿಯ ಪಕ್ಕದ ಭಾಗಕ್ಕೆ ಮೊದಲು ದೂಡಿ, ನಡುವೆ ಹೊಗೆ ತಡೆಯುವ ಬಾಗಿಲು ಹಾಕುವ ವಿಧಾನವಿದೆ. ಎರಡೇ ಮಹಡಿ ತಾನೇ, ಏನಾಗುತ್ತದೆ ಅನ್ನುವವರು ಈ ಲೆಕ್ಕ ಮರೆತಿರುತ್ತಾರೆ. ಎತ್ತರ ಎಷ್ಟೆಂಬುದಕ್ಕಿಂತ ಒಳಗೆ ಮಲಗಿರುವವರು ಏಳಬಲ್ಲರೇ ಎಂಬುದು ಮುಖ್ಯ.

ಕಾಗದದ ಮೇಲೆ ಈ ಅಗಲವೆಲ್ಲ ಇರುತ್ತದೆ. ಯಾವ ಊರಿನದೇ ಆಗಲಿ, ಒಂದು ಸರ್ಕಾರಿ ದವಾಖಾನೆಯ ರ್‍ಯಾಂಪ್ ಹತ್ತಿ ನೋಡಿ. ತುಕ್ಕು ಹಿಡಿದ ಮಂಚ, ಚಕ್ರವಿಲ್ಲದ ಸ್ಟ್ರೆಚರ್, ಒಡೆದ ಕುರ್ಚಿ ಒಂದರ ಮೇಲೊಂದು. ಬಳಕೆಗೆ ಬಾರದ್ದೆಂದು ಕಾಗದದಲ್ಲಿ ಕಂಡಮ್ ಆಗದೆ ಅವನ್ನು ಹೊರಗೆ ಹಾಕುವಂತಿಲ್ಲ. ಹಾಕಿದರೆ ಆಡಿಟ್‌ನವರು ಲೆಕ್ಕ ಕೇಳುತ್ತಾರೆ. ಮಂಚಕ್ಕೆ ಲೆಕ್ಕವಿದೆ, ದಾರಿಗಿಲ್ಲ. ಹಿಂದಿನ ಬಾಗಿಲಿಗೆ ಜಾಲಿ ಗೇಟು, ಅದಕ್ಕೆ ರಾತ್ರಿ ಬೀಗ. ಕೂಸು ಕದಿಯುವವರ ಭಯ, ನಾಯಿಗಳ ಕಾಟ, ಎರಡೂ ಸುಳ್ಳಲ್ಲ. ಆದರೂ ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಚಿಲಕ ಮಾರುಕಟ್ಟೆಯಲ್ಲಿ ಸಿಗುತ್ತದೆ. ಇನ್ನು ಕಾರಿಡಾರಿನಲ್ಲಿ ಚಾದರ ಹಾಸಿ ಮಲಗಿದ ಪೇಶಂಟಿನ ಮಂದಿ. ಭಾಲ್ಕಿಯ ಹಳ್ಳಿಯಿಂದಲೋ ಔರಾದ್‌ನ ತಾಂಡಾದಿಂದಲೋ ಬೀದರಿಗೆ ಬಂದವರು ಮತ್ತೆಲ್ಲಿ ಮಲಗಬೇಕು? ಅವರನ್ನು ಗದರಿ ಎಬ್ಬಿಸುವುದು ಸುರಕ್ಷತೆಯಲ್ಲ. ತಂಗುದಾಣ ಕಟ್ಟುವುದು ಸುರಕ್ಷತೆ. ಅದೂ ಆಸ್ಪತ್ರೆಯ ಭಾಗವೇ.

ಆಯುಧಪೂಜೆಯ ದಿನ ಜನರೇಟರಿಗೆ ಕುಂಕುಮ ಹಚ್ಚಿ ಹೂವು ಏರಿಸುತ್ತೇವೆ. ದುಡಿಯುವ ಯಂತ್ರಕ್ಕೆ ಕೃತಜ್ಞತೆ ತೋರಿಸುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಅಂದಾದರೂ ಡೀಸೆಲ್ ಎಷ್ಟಿದೆ, ಕರೆಂಟು ಹೋದರೆ ಎಷ್ಟು ಸೆಕೆಂಡಿಗೆ ಅದು ಚಾಲೂ ಆಗುತ್ತದೆ, ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ನೋಡಬೇಡವೇ? ವಾಸ್ತುವಿನ ಹೆಸರಿನಲ್ಲಿ ಬಾಗಿಲು ಮುಚ್ಚಿಸುವುದನ್ನಂತೂ ಒಪ್ಪಲಾಗದು. ದಕ್ಷಿಣಕ್ಕೆ ಬಾಗಿಲಿದ್ದರೆ ಕೇಡು ಎಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲ. ದಾರಿ ಮುಚ್ಚಿದರೆ ಜನ ಸಾಯುತ್ತಾರೆ ಎಂಬುದಕ್ಕೆ ಬೇಕಾದಷ್ಟಿದೆ. ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವ, ಮಾನವತೆ, ಪ್ರಶ್ನಿಸುವ ಗುಣ ಮೂರನ್ನೂ ಒಂದೇ ಸಾಲಿನಲ್ಲಿ ನಾಗರಿಕರ ಕರ್ತವ್ಯವೆಂದು ಹೇಳಿದೆ. ಆಸ್ಪತ್ರೆಯ ಬಾಗಿಲ ಬಳಿ ಈ ಮೂರೂ ಒಂದೇ ಕೆಲಸವಾಗುತ್ತವೆ.

ಬೆಂಕಿಯಷ್ಟೇ ಅಲ್ಲ, ಕಾಲ ಕೆಳಗಿನ ನೆಲವನ್ನೂ ಮರೆಯಬಾರದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಗೆ ಹೊಂದಿಕೊಂಡ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಹತ್ತು ಸಾವಿರದ ಹತ್ತಿರ ಜನ ಕಲ್ಲುಮಣ್ಣಿನ ಗೋಡೆಗಳಡಿ ಸತ್ತರು. ಅಲ್ಲಿಯವರೆಗೆ ಅದು ಭೂಕಂಪದ ಭಯ ಅತಿ ಕಡಿಮೆ ಇರುವ ವಲಯ ಎಂದಿತ್ತು ನಕ್ಷೆ. 2002ರಲ್ಲಿ ಆ ಮೊದಲನೇ ವಲಯವನ್ನೇ ನಕ್ಷೆಯಿಂದ ಕೈಬಿಟ್ಟರು. ಊರು ಕುಸಿದ ದಿನವೂ ನಿಂತಿರಬೇಕೆಂದು ಆಸ್ಪತ್ರೆಗಳನ್ನು ಸಾಮಾನ್ಯ ಮನೆಗಿಂತ ಒಂದೂವರೆ ಪಟ್ಟು ಬಲಕ್ಕೆ ಲೆಕ್ಕ ಹಾಕಬೇಕೆಂಬ ನಿಯಮವಿದೆ.

ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಊರಿನ ಪ್ರತಿನಿಧಿಗಳು ಅಲ್ಲಿ ಕೂರುತ್ತಾರೆ, ಒಂದಿಷ್ಟು ಹಣವೂ ಅವರ ಕೈಯಲ್ಲಿರುತ್ತದೆ. ಮುಂದಿನ ಸಭೆಯಲ್ಲಿ ಕೇಳಬೇಕಾದ್ದು ಇಷ್ಟು: ರಾತ್ರಿ ಎರಡು ಗಂಟೆಗೆ, ಒಬ್ಬ ಡ್ಯೂಟಿ ನರ್ಸ್, ಒಬ್ಬ ಡಿ ಗ್ರೂಪ್ ನೌಕರ, ಒಬ್ಬ ಕಾವಲುಗಾರ ಮಾತ್ರ ಇದ್ದಾಗ, ಹೆರಿಗೆ ವಾರ್ಡಿನ ತಾಯಂದಿರನ್ನೂ ಕೂಸುಗಳನ್ನೂ ಹೊರಗೆ ತರಲು ಎಷ್ಟು ನಿಮಿಷ ಬೇಕು? ಅಂದಾಜಿನ ಉತ್ತರ ಬೇಡ. ಹಾಸಿಗೆಗಳ ಮೇಲೆ ಅಷ್ಟೇ ತೂಕದ ಮೂಟೆ ಇಟ್ಟು, ದೀಪ ಆರಿಸಿ, ಗಡಿಯಾರ ಹಿಡಿದು ಒಮ್ಮೆ ಮಾಡಿ ನೋಡಲಿ. ಬಂದ ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಯಲಿ, ಬೀಗದ ಕೈ ಯಾರ ಹತ್ತಿರ ಇತ್ತು ಎಂಬುದನ್ನೂ ಸೇರಿಸಿ.